ಬದುಕಿರುವವರ ಆವಾಹನೆ

ಸತ್ತವರನ್ನು ಮೈಮೇಲೆ ಬರಿಸುವವರು ಊರಿಗೊಬ್ಬರಾದರೂ ಸಿಗುತ್ತಾರೆ. ನನ್ನ ಸೋದರತ್ತೆ ಬರಿಸುವುದು ಬದುಕಿರುವವರನ್ನು; ಅದೂ ಅವರು ಎದುರಿಗೇ ಕೂತು ಕಾಫಿ ಕುಡಿಯುತ್ತಿರುವಾಗ!

ಅತ್ತೆ ಹೊಸೂರಿನಲ್ಲಿ ವಕೀಲೆ. ಬೇರೆಯಾಗಬೇಕೆನ್ನುವ ಗಂಡ ಹೆಂಡಿರನ್ನು ಕೋರ್ಟಿನಲ್ಲಿ ಕಚ್ಚಾಡಲು ಬಿಡದೆ, ಒಂದೇ ಮೇಜಿಗೆ ಕೂರಿಸಿ, ಮಾತಾಡಿಸಿಯೇ ಒಪ್ಪಂದ ಬರೆಸುತ್ತಾಳೆ. ಮಾತು ಮುರಿದರೆ ಫೈಲು ವಾಪಸ್. ಜಗಳಕ್ಕೆ ಬೇರೆ ವಕೀಲರನ್ನು ಹುಡುಕಿಕೊಳ್ಳಬೇಕು. ಇಲ್ಲಿಯವರೆಗೆ ಸರಿ. ಆದರೆ ಮಾತು ಎಲ್ಲಾದರೂ ಸಿಕ್ಕಿಹಾಕಿಕೊಂಡಿತೋ, ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಇಬ್ಬರ ಕುರ್ಚಿ ಅದಲು ಬದಲು ಮಾಡಿಸುತ್ತಾಳೆ. ಗಂಡ ಹೆಂಡತಿಯಾಗಿ, ಹೆಂಡತಿ ಗಂಡನಾಗಿ ಮಾತಾಡಬೇಕು!

"ಎದುರು ಪಕ್ಷದ ವಾದ ಮಾಡೋದು ನಮ್ಮ ಕಾಲೇಜು ಚರ್ಚಾಸ್ಪರ್ಧೆಯ ಹಳೇ ಅಭ್ಯಾಸ ಅತ್ತೆ," ಎಂದು ಕೆಣಕಿದೆ. " ಅದಕ್ಕೆ ಕಿಟಕಿ ಯಾಕೆ ಮುಚ್ಚಬೇಕು?"

"ಎದುರು ಪಕ್ಷದೋರ ಗೊರಕೆ ಹತ್ತು ವರ್ಸ ಕೇಳಿದ್ದೀಯೇನ್ಲಾ ನೀನು?"

ಸುದ್ದಿ ಹೇಗೆ ಹಬ್ಬಿತೋ! ಬಾಗಲೂರು ಕಡೆಯ ಯಜಮಾನರೊಬ್ಬರು ಸೊಸೆಯನ್ನೂ ಬೇವಿನಸೊಪ್ಪು, ನಿಂಬೆಹಣ್ಣನ್ನೂ ಹಿಡಿದು ಬಂದರು. "ದೆವ್ವ ಬಿಡ್ಸೋ ಲಾಯರಮ್ಮನ ಆಫೀಸು ಇದೇಯಾ?" ನಮ್ಮತ್ತೆ ಆ ಹುಡುಗಿಯನ್ನು ಒಳಗೆ ಕೂರಿಸಿ ಅರ್ಧ ಗಂಟೆ ಮಾತಾಡಿಸಿ ಹೊರಬಂದಳು. "ಇವಳಲ್ಲೇನೂ ಇಲ್ಲ. ನಿಮ್ಮ ಮಗನ್ನ ಕರ್ಕೊಂಬನ್ನಿ." ನಿಂಬೆಹಣ್ಣು ಮಾತ್ರ ಇಟ್ಟುಕೊಂಡಳು, ಶರಬತ್ತಿಗೆ!

ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದ ನಾನು, ಅತ್ತೆಯ ಆಟ ಬಯಲು ಮಾಡಲೆಂದೇ ಒಂದು ಮಧ್ಯಾಹ್ನ ಅವಳ ಪಕ್ಕದಲ್ಲಿ ಕೂತೆ. ಮೂಕಂಡಪಲ್ಲಿಯ ಗಂಡ ಹೆಂಡತಿ. ಅವನು ಕಾರ್ಖಾನೆಯ ಕೆಲಸಗಾರ, ಮಾತಿಗೊಮ್ಮೆ ಕೆಮ್ಮುತ್ತಿದ್ದ. ಉಳಿದದ್ದೆಲ್ಲ ಹಂಚಿಕೆಯಾಗಿತ್ತು. ಆರು ವರ್ಷದ ಮಗಳೊಬ್ಬಳು ಬಾಕಿ. ನನಗೇ ಬೇಕೆಂದು ಇಬ್ಬರದೂ ಹಟ. ಅಂದು ಒಪ್ಪದಿದ್ದರೆ ಕೋರ್ಟೇ ಗತಿ.

ಕುರ್ಚಿ ಬದಲಾಯಿತು. ಹೆಂಡತಿ ಕೆಮ್ಮಿದಳು. ನಾನು ಬೆಚ್ಚಿ ಗಂಡನತ್ತ ತಿರುಗಿದೆ. ಅದು ಅವನ ಕೆಮ್ಮು. ಅವನ ಬಾಯಿ ಮುಚ್ಚಿತ್ತು! ಅವಳ ಹೆಗಲು ಅವನಂತೆಯೇ ಬಾಗಿತು, ದನಿ ಕೆಳಗಿಳಿಯಿತು. ಬರೀ ಅನುಕರಣೆ ಎಂದು ಒಳಗೊಳಗೇ ಮೂರು ಸಲ ವಾದಿಸಿದೆ. ನಿಮಿರಿ ನಿಂತ ತೋಳಿನ ಕೂದಲು ಒಪ್ಪಲಿಲ್ಲ.

"ಬೆಳಗಿನ ಶಿಫ್ಟಿಗೆ ಹೊರಡೋವಾಗ ಮಗು ಮಲ್ಗಿರ್ತದೆ," ಎಂದಿತು ಆ ದನಿ. "ಬಾಗ್ಲ ತಾವ ಬೂಟು ಬಿಚ್ಚಿ ವಾಪಸ್ ಬತ್ತೀನಿ. ಪಾದ ಒಂದ್ಸಲ ಮುಟ್ಟಿ ಹೋಯ್ತೀನಿ. ಇನ್ಮೇಲೆ ಯಾರ ಪಾದ ಮುಟ್ಲಿ?"

ಗಂಡ ಬಿಳಿಚಿಕೊಂಡ. "ಇದ್ನ ಯಾರ್ಗೂ ಯೋಳಿಲ್ಲ ನಾನು. ನಿಂಗೆಂಗೆ ಗೊತ್ತು?"

ಹೆಂಡತಿಗೆ ಅವಳ ದನಿ ಮರಳಿತು. "ದಿನಾ ಎಚ್ರವಾಗೇ ಇರ್ತಿದ್ದೆ. ಕಣ್ಣು ಮುಚ್ಕೊಂಡು."

ಅವನು ಮುಖ ಒರೆಸಿಕೊಂಡು ಎಂದ: "ಮಗು ನಿನ್ ತಾವ್ಲೇ ಇರ್ಲಿ."

"ಪ್ರತಿ ಶನಿವಾರ ಸಂಜೆ ಕಳಿಸ್ತೀನಿ," ಎಂದಳು ಅವಳು. "ಪಾದಕ್ಕೆ ದುಪ್ಟಿ ಹೊದಿಸ್ಬ್ಯಾಡ, ಒದ್ಬುಡ್ತಾಳೆ."

ಬರೆದುಕೊಳ್ಳುತ್ತಿದ್ದ ಅತ್ತೆಯ ಪೆನ್ನು ನಿಂತಿತು. ಕಾಗದವನ್ನು ನನ್ನ ಕಡೆ ತಳ್ಳಿದಳು.

"ನೀನೇ ಬರಿ ಕಣ್ಲಾ. ನಂಗೆ ಅಕ್ಷರ ಕಾಣ್ತಿಲ್ಲ."