ಬೀಗರ ಚಪ್ಪಟೆ ಕಾಸು

ಎಲ್ಲಿಗೆ ಹೊರಟರೂ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಸ್ವಾಮಿಗೆ ಕೈಮುಗಿದೇ ಹೊರಡುವವನು ನಾನು. ಆದರೂ ಬೀಗರು ಜೊತೆಗಿದ್ದರೆ ಏನಾದರೊಂದು ಆಗಿಯೇ ತೀರುತ್ತದೆ. ಇದರಲ್ಲಿ ದೇವರ ತಪ್ಪೇನೂ ಇಲ್ಲ. ಅವನಾದರೂ ಎಷ್ಟು ಜನರನ್ನು ಅಂತ ನೋಡಿಕೊಂಡಾನು.

ಬೀಗರು ಅಂದರೆ ನನ್ನ ಮಗಳ ಮಾವ. ಬನ್ನೂರು ಕಡೆ ಭತ್ತ, ಕಬ್ಬು ಬೆಳೆಯುವವರು. ನಾನು ನಂಜನಗೂಡಿನ ಹತ್ತಿರದ ಹಳ್ಳಿಯವನು. ಹೆಣ್ಣು ಕೊಟ್ಟವನಾದ್ದರಿಂದ ಅವರ ಮಾತಿಗೆ ಬೇಡ ಅಂದು ನನಗೆ ಅಭ್ಯಾಸವಿಲ್ಲ.

ರೈಲಿನಡಿಯ ಕಾಸು

ಮಗಳು ಅಳಿಯ ಒಮ್ಮೆ ಪ್ರವಾಸಕ್ಕೆ ಹೋದವರು ಬೀಗರಿಗೊಂದು ತಾಮ್ರದ ಬಿಲ್ಲೆ ತಂದುಕೊಟ್ಟರು. ನಾಣ್ಯವನ್ನು ಯಂತ್ರಕ್ಕೆ ಕೊಟ್ಟು, ಹಲಸಿನ ಬೀಜದ ಹಾಗೆ ಉದ್ದಕ್ಕೆ ಎಳೆದು, ಮೇಲೆ ನವಿಲು ಮೂಡಿಸಿದ್ದರು. ಬೀಗರು ಅದನ್ನು ಸುಣ್ಣದ ಡಬ್ಬಿಯಲ್ಲಿಟ್ಟುಕೊಂಡು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದರು. ಒಂದು ತಿಂಗಳಲ್ಲಿ ಒಂದು ಸಾಲದು ಅನ್ನಿಸಿತು. ಅವರ ಕಡೆ ರೈಲಿಲ್ಲ. ಬಸ್ಸು ಹತ್ತಿ ನಂಜನಗೂಡಿಗೆ ಬಂದು, "ಬನ್ನಿ ಬೀಗರೇ, ರೈಲಿನ ಅಳಿ ಮ್ಯಾಲೆ ಒಂದು ಕಾಸು ಮಡಗುವಾ" ಅಂದರು.

ತಪ್ಪು ಅಂತ ಗೊತ್ತಿದ್ದೂ ಹೋಗಿ ನಿಂತೆ. ಎರಡು ರೂಪಾಯಿ ಇಟ್ಟರು. ರೈಲು ಬಂತು, ಹೋಯಿತು, ಕಾಸು ಹಾರಿತು. ಇಬ್ಬರೂ ಜಲ್ಲಿಕಲ್ಲಿನ ನಡುವೆ ಕೆದಕುತ್ತಿದ್ದಾಗ ಹಳಿ ನೋಡಿಕೊಳ್ಳುವ ಆಳು ಬಂದ.

"ಏನ್ ಸಾ ಹುಡುಕ್ತಿದ್ದೀರಿ?"

"ಕಾಸು ಬಿದ್ದೋಯ್ತು ಕಣಪ್ಪ" ಅಂದರು ಬೀಗರು.

ಪುಣ್ಯಾತ್ಮ ತಾನೂ ಬಗ್ಗಿ ಕಾಲು ಗಂಟೆ ಹುಡುಕಿದ. ಕೊನೆಗೆ ಹಪ್ಪಳದ ಹಾಗಾಗಿದ್ದ ನಮ್ಮ ಕಾಸು ಅವನಿಗೇ ಸಿಕ್ಕಿತು. "ಇದ್ಯಾವ್ದೋ ವಾಷರ್ರು" ಅಂತ ಪೊದೆಯಾಚೆ ಬೀಸಿ ಒಗೆದ. ನಮ್ಮ ಮುಖ ನೋಡಿ ಏನನ್ನಿಸಿತೋ, ಜೇಬಿನಿಂದ ಎರಡು ರೂಪಾಯಿ ತೆಗೆದು ಬೀಗರ ಕೈಗಿಟ್ಟ. "ಇಟ್ಕಳಿ ಯಜಮಾನ್ರೇ, ಇನ್ಮೇಲೆ ಹುಷಾರಾಗಿರಿ."

ಬಾಗಿಲಲ್ಲಿ

ಈ ವರ್ಷ ನಮ್ಮನೆಯವಳ ಕಣ್ಣಿಗೆ ಆಪರೇಷನ್ ಆಯಿತು. ಅದಕ್ಕೆ ಮುಂಚೆ ಅವಳು ನಂಜುಂಡೇಶ್ವರನಿಗೆ ಹರಕೆ ಹೊತ್ತು, ಅವಳ ಅಜ್ಜಿಯ ಕಾಲದ ತಾಮ್ರದ ಕಾಲಾಣೆಯೊಂದನ್ನು ಮುಡಿಪು ಕಟ್ಟಿಟ್ಟಿದ್ದಳು. ಕಣ್ಣು ಚೆನ್ನಾಗಿ ಬಂತು. ಮೈಸೂರಿನಲ್ಲಿ ಡಾಕ್ಟರಿಗೆ ಕೊನೆಯ ಸಲ ತೋರಿಸಿ, ಹಿಂದಿರುಗುವಾಗ ಗುಡಿಗೆ ಹೋಗಿ ಹುಂಡಿಗೆ ಹಾಕುವುದು ಅಂತ ಗೊತ್ತುಮಾಡಿಕೊಂಡೆವು. ಮುಡಿಪಿನ ಹಳದಿ ಬಟ್ಟೆಯನ್ನು ಹುಳು ತಿಂದಿತ್ತು. "ಗುಡಿ ಹತ್ರ ಹೊಸ ಬಟ್ಟೆ ತಗೊಂಡು ಕಟ್ಟೋಣ, ಅಲ್ಲಿವರೆಗೂ ಜೋಪಾನ ಕಣ್ರೀ" ಅಂತ ಕಾಲಾಣೆಯನ್ನು ನನ್ನ ಎಲೆಅಡಿಕೆ ಚೀಲಕ್ಕೆ ಹಾಕಿದಳು.

ಬೀಗರೂ ಬಂದರು. ಮೈಸೂರಿನಾಚೆ ಪ್ರಾಣಿಗಳ ಮ್ಯೂಸಿಯಂ ಇದೆಯಂತೆ, ಅಲ್ಲಿ ಕಾಸು ಒತ್ತುವ ಯಂತ್ರವಿದೆಯಂತೆ ಅಂತ ಯಾರೋ ಅವರ ಕಿವಿಗೆ ಹಾಕಿದ್ದರು. ಡಾಕ್ಟರ ಕೆಲಸ ಬೇಗ ಮುಗಿಯಿತು. ಹೊರಟೆವು.

ಬಾಗಿಲಲ್ಲಿ ನಿಂತು ಒಳಗೆ ನೋಡಿದರೆ ಎದುರಿಗೇ ಒಂದು ಆನೆಯ ಅಸ್ಥಿಪಂಜರ. ನಾವು ಮೂವರೂ, ಯಾರೂ ಹೇಳದೆ, ಚಪ್ಪಲಿ ಬಿಟ್ಟೆವು. "ಬೇಡ ಸಾರ್, ಹಾಕ್ಕೊಂಡೇ ಹೋಗಬಹುದು" ಅಂದ ಕಾವಲಿನವನು. "ಇಷ್ಟೊಂದು ಜೀವ ಮಲಗಿರೋ ಜಾಗ ಕಣಪ್ಪ" ಅಂದರು ಬೀಗರು. ಹಿಂದೆಯೇ ಒಂದು ಶಾಲೆಯ ಬಸ್ಸು ಬಂತು. ಮಕ್ಕಳು ನಮ್ಮ ಚಪ್ಪಲಿ ನೋಡಿ ತಾವೂ ಬೂಟು ಬಿಚ್ಚಿದವು. ಎಲ್ಲವೂ ಒಂದೇ ಬಣ್ಣ, ಒಂದೇ ಅಂಗಡಿಯವು. ನಾವು ಹೊರಗೆ ಬಂದಾಗಲೂ ಮೇಷ್ಟ್ರು ನೆಲದ ಮೇಲೆ ಕೂತು ಜೋಡಿ ಹುಡುಕುತ್ತಿದ್ದರು. ನಾವು ತಲೆ ತಗ್ಗಿಸಿಕೊಂಡು ದಾಟಿದೆವು.

ಮರದ ಪೊಟರೆ

ಒಳಗೆ ಕಂಡದ್ದನ್ನು ಹೇಳುವ ಶಕ್ತಿ ನನಗಿಲ್ಲ. ಕಲ್ಲಿನೊಳಗೆ ಒಂದು ಎಲೆ, ಅದರ ನರವೂ ಅಳಿಸಿರಲಿಲ್ಲ. ಕೋಟಿಗಟ್ಟಲೆ ವರ್ಷ ಹಿಂದಿನದಂತೆ. ನಾವು ನೆನ್ನೆ ಕೊಯ್ದ ಬಾಳೆಲೆ ಇವತ್ತು ಬಾಡುತ್ತದೆ. ಇದನ್ನು ಯಾರು, ಯಾರಿಗಾಗಿ, ಇಷ್ಟು ಜೋಪಾನ ಮಾಡಿದರು? ಕೈಮುಗಿದೆ. ನಮ್ಮನೆಯವಳು ಹೊಸ ಕಣ್ಣಲ್ಲಿ ಒಂದೊಂದನ್ನೂ ಹತ್ತಿರ ಹೋಗಿ ನೋಡುತ್ತಿದ್ದಳು. ಒಂದು ಕಡೆ ಮಂಗಟ್ಟೆ ಹಕ್ಕಿಯ ಗೂಡು ಮಾಡಿಟ್ಟಿದ್ದರು. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದಂತೆ, ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಸಂದಿಯಲ್ಲಿ ತಿನ್ನಿಸುತ್ತದಂತೆ.

"ನೋಡಿ ಕಲ್ತ್ಕೊಳ್ಳಿ" ಅಂದಳು.

"ಅವಳು ಒಳಗಿಂದ ಒಂದು ಮಾತೂ ಆಡಲ್ವಂತಲ್ಲ" ಅಂದೆ.

ಮುಂದಿನ ಎರಡು ಕೋಣೆ ಅವಳೂ ಆಡಲಿಲ್ಲ.

ಗಾಣ

ಕೊನೆಯ ಕೋಣೆಯಲ್ಲಿ ಡೈನೋಸಾರ್ ನಿಂತಿತ್ತು. ಮೂಳೆಯಷ್ಟೇ. ಅದರ ತಲೆ ನೋಡಲು ನಾನು ಗೋಪುರ ನೋಡುವ ಹಾಗೆ ಕತ್ತೆತ್ತಬೇಕಾಯಿತು. ಬಲದಿಂದ ಒಂದು ಸುತ್ತು ಬಂದೆ. ಇಂಥದ್ದನ್ನೂ ಮಾಡಿ, ನಡೆಸಿ, ಸಾಕಿ, ಒಂದು ದಿನ ಸಾಕು ಅಂದವನು ನಮ್ಮ ಮನೆಯ ಒಂದು ಕಣ್ಣಿನ ಪ್ರಾರ್ಥನೆಯನ್ನೂ ಕೇಳಿಸಿಕೊಂಡನಲ್ಲ ಅಂತ ಮತ್ತೆ ಕತ್ತೆತ್ತಿ ನೋಡುತ್ತ ನಿಂತೆ.

ಅಷ್ಟರಲ್ಲಿ ಬೀಗರು ನನ್ನ ಹೆಗಲಿನ ಚೀಲಕ್ಕೆ ಕೈಹಾಕಿ ಏನೋ ಕೇಳಿದರು. ಅಡಿಕೆಗೇ ಇರಬೇಕು ಅಂತ, ತಲೆ ಇಳಿಸದೆ, ಹೂಂ ಅಂದೆ.

ಯಂತ್ರ ಬಾಗಿಲ ಪಕ್ಕದಲ್ಲೇ ಇತ್ತು. ಕಬ್ಬಿನ ಗಾಣದ ಹಾಗೆ ಎರಡು ಉರುಳೆ, ತಿರುಗಿಸಲು ಹಿಡಿ. ಅವತ್ತು ಮ್ಯೂಸಿಯಂನವರ ಹತ್ತಿರ ಬಿಲ್ಲೆ ಮುಗಿದಿತ್ತಂತೆ. ನಿಮ್ಮದೇ ತಾಮ್ರದ ಹಳೆ ಕಾಸಿದ್ದರೆ ಹಾಕಿ ಅಂದಿದ್ದಾರೆ. ಬೀಗರು ಬಂದು ಅಂಗೈ ಬಿಚ್ಚಿದರು. "ನೋಡ್ರೀ, ಎಂಗೆ ಬಂದದೆ. ನಿಮ್ ಕಾಸಿನಷ್ಟು ಮೆದು ಯಾವ್ದೂ ಇಲ್ಲ."

ಅಜ್ಜಿಯ ಕಾಲಾಣೆ ಉದ್ದವಾಗಿ ಮಲಗಿತ್ತು. ಮೇಲೆ ಬಾಯಿ ತೆರೆದ ಡೈನೋಸಾರ್.

ನಮ್ಮನೆಯವಳು ಅದನ್ನು ಬೆಳಕಿಗೆ ಹಿಡಿದು ಆಪರೇಷನ್ ಆದ ಕಣ್ಣಿಂದಲೇ ನೋಡಿದಳು. "ಕಣ್ಣು ಕೊಟ್ಟ ಸ್ವಾಮಿಗೆ ಹಲ್ಲಿ ಕೊಡೋದಾ?" ಅಂದಳು, ಬಹಳ ಮೆಲ್ಲಗೆ. ಬೀಗರಿಗೆ ಆಗ ವಿಷಯ ತಿಳಿಯಿತು. ನಂಜನಗೂಡಿನ ತನಕ ಬಸ್ಸಿನಲ್ಲಿ ಅವರು ಎಲೆಅಡಿಕೆ ಹಾಕಲಿಲ್ಲ.

ಯಾವ ಗುಡ್ಡೆ

ಗುಡಿಯಲ್ಲಿ ವಯಸ್ಸಾದ ಅರ್ಚಕರೊಬ್ಬರಿಗೆ ನಡೆದದ್ದೆಲ್ಲ ಹೇಳಿ ಕಾಸನ್ನು ತೋರಿಸಿದೆ. ನಮ್ಮನೆಯವಳು ಹೊಸ ಹಳದಿ ಬಟ್ಟೆ ಹಿಡಿದು ಕಾಯುತ್ತಿದ್ದಳು. ಹರಕೆ ನಿಂತಿತೋ ಕೆಟ್ಟಿತೋ ಅನ್ನುವುದೊಂದೇ ಅವಳ ಚಿಂತೆ. ಅರ್ಚಕರು ಕಾಸನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದರು.

"ಇದು ಯಾವಾಗಿನ ಪ್ರಾಣಿ?"

"ಮನುಷ್ಯ ಹುಟ್ಟೋಕೆ ಮುಂಚಿನದಂತೆ ಸ್ವಾಮಿ."

"ಅದರ ಕಾಲದಲ್ಲಿ ಗುಡಿ ಇರಲಿಲ್ಲ. ಪಶುಪತಿಯ ದರ್ಶನಕ್ಕೆ ಇವತ್ತು ಬಂದಿದೆ, ಬರಲಿ ಬಿಡಮ್ಮ. ತಾಮ್ರ ಅದೇ, ಹರಕೆ ಅದೇ. ಕಟ್ಟಿ ಹಾಕು."

ಅವಳು ಕಟ್ಟಿ, ಕಣ್ಣಿಗೊತ್ತಿಕೊಂಡು ಹುಂಡಿಗೆ ಹಾಕಿದಳು. ಮುಖ ತಿಳಿಯಾಯಿತು. ಬೀಗರಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ.

"ಸ್ವಾಮಿ, ಉಂಡಿ ಬಿಚ್ಚಿದಾಗ ಕಾಸಲ್ಲ ಅಂತ ಬಿಸಾಕ್ಬುಡ್ತಾರಾ?"

"ಇಲ್ಲಪ್ಪ. ಕಣ್ಣು ವಾಸಿಯಾದವರು ಬೆಳ್ಳಿ ಕಣ್ಣು ಹಾಕ್ತಾರೆ, ಕಾಲು ವಾಸಿಯಾದವರು ಬೆಳ್ಳಿ ಕಾಲು. ಅವನ್ನೆಲ್ಲ ಬೇರೆ ಬೇರೆ ಗುಡ್ಡೆ ಮಾಡ್ತಾರೆ. ಇದನ್ನೂ ಹರಕೆ ಅಂತಲೇ ಎತ್ತಿಡ್ತಾರೆ." ಅರ್ಚಕರು ಹುಂಡಿಯ ಕಡೆ ನೋಡಿದರು. "ಆದರೆ ಆ ಪ್ರಾಣಿಗೇ ವಾಸಿಯಾಗಿ, ಅದೇ ಬಂದು ಹರಕೆ ಹಾಕಿದೆ ಅಂತ ತಿಳ್ಕೊಂಡ್ರೆ, ಊರಿನವರು ಒಂದು ವಾರ ಹೊಳೆ ಕಡೆ ಹೋಗಲ್ಲ, ಅಷ್ಟೆ."