ಮಂಡಕ್ಕಿ ಕಣದಲ್ಲಿ ಎಣ್ಣೆ ಹನಿಸಿದ ಲಾರಿಯ ಪರವಾಗಿ

ಹೆದ್ದಾರಿ ಪಕ್ಕದ ಲಾರಿ ವರ್ಕ್‌ಶಾಪಿನ ಸರ್ವಿಸ್ ಮ್ಯಾನೇಜರ್ ಪ್ರಶಾಂತ ಅವರಿಗೆ, ಹರಿಹರದಲ್ಲಿ ಒಂದೇ ಒಂದು ಲಾರಿ ಇಟ್ಟುಕೊಂಡು ತಮ್ಮನ್ನು ನಂಬಿ ಬದುಕುತ್ತಿರುವ ರಜಾಕ್ ಸಾಬ್ ತುಂಬು ಮನಸ್ಸಿನಿಂದ ಮಾಡುವ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮವೇ? ‘ಅಂಕಲ್, ಐದೇ ನಿಮಿಷ’ ಎಂದು ಬೆಳಿಗ್ಗೆಯಿಂದ ಸಂಜೆಯವರೆಗೂ ಅದೇ ನಗುಮುಖದಲ್ಲಿ ಹೇಳುವ ಕೌಂಟರಿನ ಲತಾ ಮಗಳು ಚೆನ್ನಾಗಿದ್ದಾಳೆಯೇ? ಮೇಸ್ತ್ರಿ ಏಕಾಂತಪ್ಪನವರ ಸೊಂಟನೋವು ಹೇಗಿದೆ? ನನ್ನ ಗಾಡಿಯಡಿ ಮಲಗಿದಷ್ಟು ಅವರು ಮನೆಯಲ್ಲೂ ಮಲಗಿರಲಾರರು. ಗಾಡಿಗೆ ವೈರು ಚುಚ್ಚಿ ನಾಡಿ ನೋಡುವ ತಮ್ಮ ಲ್ಯಾಪ್‌ಟಾಪಿಗೂ ನಾನು ಕೇಳಿದೆನೆಂದು ತಿಳಿಸಬೇಕು. ಇಲ್ಲಿ ನಾನು, ನನ್ನ ಮನೆಯಾಕೆ ಮುಮ್ತಾಜ್, ಡ್ರೈವರ್ ಪರಶುರಾಮ್ ಎಲ್ಲರೂ ಆರಾಮ. ಲಾರಿಯೊಂದು ಮಾತ್ರ ತಾವು ಪ್ರತಿ ಸಲ ‘ಫಸ್ಟ್ ಕ್ಲಾಸ್’ ಎಂದು ಕಳಿಸಿಕೊಟ್ಟ ಸ್ಥಿತಿಯಲ್ಲೇ ಎಂಜಿನ್ ಆಯಿಲ್ ಹನಿಸುತ್ತಿದೆ.

ತಮಗೆ ಗೊತ್ತಿರುವಂತೆ ನನ್ನ ಲಾರಿಗೆ ಇರುವುದು ಒಂದೇ ಗಿರಾಕಿ. ದಾವಣಗೆರೆಯ ಯಲ್ಲಕ್ಕನ ಭಟ್ಟಿಯಿಂದ ಮಂಡಕ್ಕಿ ಚೀಲ ಹೊರುವುದೇ ಅದರ ಅನ್ನ, ಪರಶುರಾಮನ ಅನ್ನ, ನಮ್ಮದೂ. ಆ ಭಟ್ಟಿಯ ಕಣದಲ್ಲಿ ಬೇಯಿಸಿದ ಭತ್ತ ಹರವಿರುತ್ತಾರೆ, ಅದರ ಅಂಚಿನಲ್ಲೇ ಲಾರಿ ನಿಲ್ಲಬೇಕು. ತಮ್ಮ ಮೂರನೆಯ ರಿಪೇರಿಯ ನಂತರವೂ ಹನಿ ಬಿದ್ದ ದಿನ ಯಲ್ಲಕ್ಕ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಗೇಟಿಗೇ ಬಂದು, “ರಜಾಕಣ್ಣ, ಖಾರ ಮಂಡಕ್ಕಿಗೆ ಎಣ್ಣೆ ನಾವೇ ಹಾಕ್ಕಂತೀವಿ, ನಿನ್ನ ಗಾಡಿ ಹಾಕಾದು ಬ್ಯಾಡ. ಬರೋ ಶುಕ್ರವಾರದೊಳಗೆ ಸೋರಾದು ನಿಂತ್ರೆ ಒಳಗೆ ಬಾ, ಇಲ್ಲಾಂದ್ರೆ ನಾನು ಬ್ಯಾರೆ ಗಾಡಿ ನೋಡ್ಕಂತೀನಿ” ಎಂದು ಪ್ರೀತಿಯಿಂದಲೇ ಹೇಳಿದಳು. ಆ ಶುಕ್ರವಾರ ಈಗ ಬಾಗಿಲಿಗೆ ಬಂದಿದೆ.

ಅದಕ್ಕೂ ಮೊದಲು ತಾವು ತೋರಿದ ಕಾಳಜಿಯನ್ನು ನಾನು ಹೇಗೆ ಮರೆಯಲಿ? ಮೊದಲ ಸಲ ಎಣ್ಣೆ ಕೆಳಗೆ ಕಂಡಿತೆಂದು ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಸಂಪಿನ ಪ್ಯಾಕಿಂಗ್ ಬದಲಿಸಿದಿರಿ. ಎಣ್ಣೆ ತಮ್ಮ ಮೇಲಿನ ಗೌರವದಿಂದ ಜಾಗ ಬದಲಿಸಿ ಮೇಲಿನ ಕವರಿನಲ್ಲಿ ಜಿನುಗಿತು. ತಾವು ಅಲ್ಲಿನ ಪ್ಯಾಕಿಂಗನ್ನೂ ಬದಲಿಸಿದಿರಿ. ಆಮೇಲೆ ಅದು ಎಂಜಿನ್ನಿನ ಹಿಂಭಾಗಕ್ಕೆ ಹೋಯಿತು, ತಾವು ಗೇರ್‌ಬಾಕ್ಸ್ ಇಳಿಸಿ ಅಲ್ಲಿ ಎಣ್ಣೆ ತಡೆಯುವ ಸೀಲನ್ನು ಹೊಸದಾಗಿ ಹಾಕಿದಿರಿ. ಹೀಗೆ ಎಣ್ಣೆ ಮುಂದೆ, ತಾವು ಹಿಂದೆ, ಇಬ್ಬರೂ ಇಡೀ ಎಂಜಿನ್ನಿಗೆ ಪ್ರದಕ್ಷಿಣೆ ಹಾಕಿದ ಮೇಲೆ ಲ್ಯಾಪ್‌ಟಾಪು ಗಾಡಿಗೆ ಯಾವ ಕಾಯಿಲೆಯೂ ಇಲ್ಲವೆಂದಿತು. “ಡೀಸೆಲ್ ಗಾಡಿ ಅಂದ್ಮೇಲೆ ಸ್ವಲ್ಪ ಜಿನುಗತ್ತೆ ಅಂಕಲ್, ಅದು ನ್ಯಾಚುರಲ್” ಎಂದು ತಾವು ಅಪ್ಪಣೆ ಕೊಡಿಸಿದಿರಿ. ಹಾಗಿದ್ದರೆ ಈ ಸಹಜ ಧರ್ಮವನ್ನು ಕಣದಲ್ಲಿ ಒಣಗುತ್ತಿರುವ ಭತ್ತಕ್ಕೂ ತಾವೇ ಬಂದು ತಿಳಿಹೇಳಬೇಕು, ಅಥವಾ ಪ್ರತಿ ಲಾರಿಯ ಜೊತೆ ಒಂದು ಬೋಗುಣಿಯನ್ನೂ, ಅದನ್ನು ಹಿಡಿದು ಗಾಡಿಯಡಿ ಓಡುವ ಒಬ್ಬ ಇಂಜಿನಿಯರನ್ನೂ ಕೊಡಲು ಕಂಪನಿಗೆ ಶಿಫಾರಸು ಮಾಡಬೇಕು.

ತಮಗೆ ಮತ್ತೆ ತೊಂದರೆ ಕೊಡಬಾರದೆಂದು ನಾವೇ ಎಂಜಿನ್ನನ್ನು ಡೀಸೆಲ್ಲಿನಲ್ಲಿ ತಿಕ್ಕಿ ತೊಳೆದು, ಒರೆಸಿ, ಮುಮ್ತಾಜಳ ಮುಖದ ಪೌಡರನ್ನು ಮೇಲಿನಿಂದ ಕೆಳಗಿನವರೆಗೆ ಉದುರಿಸಿ ಸ್ಟಾರ್ಟ್ ಮಾಡಿದೆವು. ಪೌಡರು ಎಲ್ಲಿ ಒದ್ದೆಯಾಗುತ್ತದೋ ಅಲ್ಲೇ ಸೋರಿಕೆ ಎಂಬುದು ನಮ್ಮ ಹಳೆಯ ಲೆಕ್ಕ. ತಾವು ರಿಪೇರಿ ಮಾಡಿದ ಮೂರೂ ಕಡೆ ಒಟ್ಟಿಗೇ ಒದ್ದೆಯಾಯಿತು. ಮುಮ್ತಾಜ್ ಖಾಲಿ ಡಬ್ಬಿ ನೋಡುತ್ತ, “ಮದುವೆ ಮನೆಗೆ ಹೋಗಾಕೆ ನಾನು ಇಷ್ಟು ಬಳ್ಕಂಡಿಲ್ಲ, ನಿಮ್ಮ ಲಾರಿಗೆ ಬಳದ್ರಿ” ಎಂದಳು. ಪರಶುರಾಮ್ ಆಯಿಲ್ ಮುಚ್ಚಳ ತಿರುಗಿಸಿದ. ಅದು ಅವನ ಕೈಯಿಂದ ಹಾರಿ ಚರಂಡಿಗೆ ಬಿತ್ತು. ಒಳಗೆ ಗಾಳಿ ತುಂಬಿಕೊಂಡು ಎಂಜಿನ್ ಉಬ್ಬಸ ಪಡುತ್ತಿತ್ತು. ಎಂಜಿನ್ ಉಸಿರು ಬಿಡುವ ಬ್ರೀದರ್ ಪೈಪನ್ನು ಹುಡುಕಿಕೊಂಡು ಹೋದರೆ, ಅದರ ಬಾಯಿಗೆ ಬಟ್ಟೆ ತುರುಕಿ ಮೇಲೆ ಸುತಲಿ ದಾರ ಬಿಗಿದಿದ್ದರು. ಉಸಿರು ಹೊರಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸಿಕ್ಕ ಸಿಕ್ಕ ಸಂದಿಯಿಂದ ನೂಕುತ್ತಿತ್ತು.

ಬಟ್ಟೆಯ ಅಂಚು ನೋಡಿದ ಕೂಡಲೇ ಅದು ಯಾರ ಸೀರೆಯದೆಂದು ಪರಶುರಾಮನಿಗೆ ಗೊತ್ತಾಯಿತು. ಕೇಳಿದ್ದಕ್ಕೆ ಯಲ್ಲಕ್ಕ ಒಂಚೂರೂ ಅಳುಕಲಿಲ್ಲ. “ಹೌದು, ನಾನೇ ತುರುಕಿಸಿದ್ದು. ಲೋಡ್ ಮಾಡೋವಾಗ ಗಾಡಿ ಚಾಲೂ ಇಡ್ತೀರಿ, ಆ ಪೈಪಿನ ಹೊಗೆ ಬತ್ತದ ಮ್ಯಾಲೆ ಬರ್ತೈತೆ. ಮಂಡಕ್ಕಿ ಡೀಸೆಲ್ ನಾತ ಹೊಡದ್ರೆ ಯಾರು ತಿಂತಾರೆ? ನಾನು ಮುಚ್ಚಿದ್ದು ಹೊಗೆ, ಎಣ್ಣೆ ಬಿಡು ಅಂತ ನಾನೇನು ಹೇಳಿದ್ನಾ?” ಎಂದಳು. ಹೊಗೆ ಕಣದ ಕಡೆ ಬರದಂತೆ ಪೈಪಿಗೆ ಉದ್ದನೆಯ ರಬ್ಬರ್ ಕೊಳವೆ ಜೋಡಿಸಿ ಹಿಂದಕ್ಕೆ ಬಿಟ್ಟಿದ್ದೇವೆ, ಆಕೆಯೂ ಒಪ್ಪಿದ್ದಾಳೆ.

ಆದರೆ ಮಾನ್ಯರೇ, ಯಲ್ಲಕ್ಕ ಭಟ್ಟಿಯವಳು, ಎಂಜಿನ್ನಿಗೂ ಮೂಗಿದೆ ಎಂದು ಆಕೆಗೆ ತಿಳಿಯದಿದ್ದರೆ ತಪ್ಪಿಲ್ಲ. ಮೂರು ಸಲ ಬಿಚ್ಚಿ ಕಟ್ಟಿದ ತಾವು ಒಂದು ಸಲವೂ ಆ ಮೂಗು ಮುಟ್ಟಿ ನೋಡದಿರುವ ಸಂಯಮವನ್ನು ಯಾವ ಬಾಯಿಂದ ಹೊಗಳಲಿ? ಬಟ್ಟೆ ಕಿತ್ತ ಮೇಲೆ ಮೇಲಿನ ಕವರೂ ಸಂಪೂ ಒಣಗಿವೆ. ತಾವು ಹಾಕಿದ ಹಿಂಭಾಗದ ಸೀಲು ಮಾತ್ರ ಆ ಒತ್ತಡಕ್ಕೆ ಜಾಗ ಬಿಟ್ಟು ಎದ್ದು ಕೂತಿದೆ, ಈಗಲೂ ಹನಿಸುತ್ತಿದೆ. ಗೇರ್‌ಬಾಕ್ಸ್ ಇಳಿಸುವ ಸರಂಜಾಮು ನಮ್ಮ ಮನೆ ಮುಂದೆ ಇಲ್ಲ. ಆದ್ದರಿಂದ ಶುಕ್ರವಾರಕ್ಕೆ ಮೊದಲು ಆ ಒಂದು ಸೀಲನ್ನು ಸರಿಯಾಗಿ ಕೂಡಿಸಿಕೊಡಬೇಕು. ಆಗಲೂ ಅದು ನ್ಯಾಚುರಲ್ ಎನಿಸಿದರೆ, ಕೆಲಸ ಕಳೆದುಕೊಳ್ಳುವ ಪರಶುರಾಮನಿಗೆ ತಮ್ಮ ಎ.ಸಿ. ಕೋಣೆಯಲ್ಲೊಂದು ಕುರ್ಚಿ ಹಾಕಿಕೊಡಿ, ‘ಐದೇ ನಿಮಿಷ’ ಎನ್ನಲು ಅವನಿಗೂ ಬರುತ್ತದೆ.

ಹನಿ ನಿಲ್ಲುವವರೆಗೂ ತಮ್ಮ ವಿಶ್ವಾಸಿ,
ರಜಾಕ್ ಸಾಬ್, ಹರಿಹರ

ಮರೆತ ಮಾತು: ಈ ಸೀಲಿಗಾಗಿ ಬುಧವಾರ ತಮ್ಮಲ್ಲಿಗೆ ಕಳಿಸುವ ಲಾರಿಯ ಜೊತೆ ನಾನು ಬರುತ್ತಿಲ್ಲ, ಯಲ್ಲಕ್ಕ ಬರುತ್ತಾಳಂತೆ. ಆಕೆಗೆ ಸೋಫಾದ ಮೇಲೆ ಕೂತು ಟೀವಿ ನೋಡುವ ಅಭ್ಯಾಸವಿಲ್ಲ, ಕೆಲಸ ಮುಗಿಯುವವರೆಗೂ ಮಾಡುವವರ ತಲೆಯ ಹತ್ತಿರವೇ ನಿಂತು ಮಾತನಾಡುತ್ತಾಳೆ. ‘ಗಾಡಿ ಬಂದ ಕೂಡಲೇ ಕೆಲಸ ಹಿಡಿಯುತ್ತೇವೆ’ ಎಂದು ತಾವು ಅದಕ್ಕೆ ಮೊದಲೇ ಎರಡು ಸಾಲು ಬರೆದರೆ ಆಕೆಯನ್ನು ಹೇಗೋ ತಡೆದು ನಿಲ್ಲಿಸಿಕೊಳ್ಳುತ್ತೇನೆ. ಏಕಾಂತಪ್ಪನವರ ಸೊಂಟದ ಮೇಲಿನ ಕನಿಕರದಿಂದ ಹೇಳುತ್ತಿದ್ದೇನೆ, ದಯವಿಟ್ಟು ಬೇಗ ಬರೆಯಿರಿ.