ಸತ್ಯವನ್ನೇ ನುಡಿಯುವ ಎರಡು ಕಪ್ಪು ಪೆಟ್ಟಿಗೆಗಳಿಗೆ

ಎಡಗಡೆಯ ಮಾನ್ಯರೇ, ಬಲಗಡೆಯ ಮಾನ್ಯರೇ, ತಮ್ಮಿಬ್ಬರ ನಡುವೆ ಹಸಿರು ದೀಪ ಹೊತ್ತಿಸಿಕೊಂಡು ಕುಳಿತಿರುವ ಆಡಿಯೋ ಇಂಟರ್ಫೇಸ್ ಎಂಬ ಆಪ್ತ ಕಾರ್ಯದರ್ಶಿಗಳೇ,

ಉರ್ವ ಮಾರ್ಕೆಟಿನ ಹಿಂದಿನ ಓಣಿಯಲ್ಲಿರುವ ನಮ್ಮ ಮನೆಯ ಹತ್ತಡಿ ಚೌಕದ ಕೋಣೆಗೆ ತಾವು ಥರ್ಮಾಕೋಲಿನ ಪಲ್ಲಕ್ಕಿಯಲ್ಲಿ ಚಿತ್ತೈಸಿ ನಿನ್ನೆಗೆ ಒಂದು ತಿಂಗಳಾಯಿತು. ತಮ್ಮ ರಬ್ಬರ್ ಪಾದಗಳಿಗೆ ವಂದಿಸಿ, ಬೆನ್ನ ಮೇಲಿನ ತಿರುಗುಗುಂಡಿಗಳನ್ನು ಯಾವ ಕಾರಣಕ್ಕೂ ಮುಟ್ಟದೆ ಈ ದೂರನ್ನು ಸಲ್ಲಿಸುತ್ತಿದ್ದೇನೆ. ಬಹಿರಂಗವಾಗಿಯೇ ಸಲ್ಲಿಸಲು ಕಾರಣವಿಷ್ಟೇ: ಮುಚ್ಚಿದ ಲಕೋಟೆ ಒಡೆಯಲು ತಮಗೆ ಕೈಗಳಿಲ್ಲ.

ನಾನು ಜಯಪಾಲ. ಹಗಲು ಸಹಕಾರಿ ಸಂಘವೊಂದರ ಗುಮಾಸ್ತ. ಉಳಿದ ಹೊತ್ತು ಹಾಶಿಂ ಎಂಬವರ ರಿಕ್ಷಾದ ನೆತ್ತಿಗೆ ಕಟ್ಟಿದ ಹಾರ್ನ್ ಸ್ಪೀಕರಿನ ಒಳಗಿನ ಸ್ವರ. ರಕ್ತದಾನ ಶಿಬಿರವಿರಲಿ, ವಾಲಿಬಾಲ್ ಪಂದ್ಯವಿರಲಿ, ಸೀರೆ ಅಂಗಡಿಯ ಆಟಿ ತಿಂಗಳ ಸೇಲ್ ಇರಲಿ, ಹದಿನಾರು ವರ್ಷಗಳಿಂದ ಈ ಭಾಗದ ಜನ ಪ್ರಾಸಬದ್ಧವಾಗಿ ತಿಳಿದುಕೊಳ್ಳುತ್ತಿರುವುದು ನನ್ನ ಬಾಯಿಂದ. ಕನ್ನಡ ಮಾಧ್ಯಮದಲ್ಲಿ ಪದವಿ ಪಡೆದವನಿಗೆ ಪ್ರಾಸ ಬಿಟ್ಟರೆ ಬೇರೆ ವಿಲಾಸವೂ ಇಲ್ಲ, ವಿಳಾಸವೂ ಇಲ್ಲ.

ಇಷ್ಟು ವರ್ಷ ಕದ್ರಿಯ ಒಂದು ರೆಕಾರ್ಡಿಂಗ್ ಕೋಣೆಯಲ್ಲಿ ಮಾತಾಡಿ, ಪೆನ್‌ಡ್ರೈವ್ ಕಿಸೆಗಿಳಿಸಿ ಬರುತ್ತಿದ್ದೆ. ಅದರಲ್ಲೇನಿದೆಯೆಂದು ಕುಳಿತು ಕೇಳಿದವನಲ್ಲ. ಆ ಕೋಣೆ ಈಗ ಜ್ಯೂಸ್ ಅಂಗಡಿ. ಅದು ಮುಚ್ಚಿದ ವಾರವೇ ಹೇಮಾಕ್ಷಿಯಕ್ಕ ಬಂದರು. ಮಾರ್ಕೆಟಿನಲ್ಲಿ ಜೊತೆಗೆ ಮೀನು ಮಾರುವ ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು, ಬುಟ್ಟಿ ಖಾಲಿಯಾದ ಮೇಲೆ ದಿನವೂ ತಾಲೀಮು ನಡೆಸಿ, ಅತ್ತೆಯೊಬ್ಬಳು ಸೊಸೆಯಿಂದ ಮೊಬೈಲ್ ಕಲಿಯುವ ‘ಮಾಮಿ ಆನ್‌ಲೈನ್’ ಎಂಬ ತುಳು ನಾಟಕವನ್ನು ಐದು ತಿಂಗಳಲ್ಲಿ ಎಬ್ಬಿಸಿ ನಿಲ್ಲಿಸಿದವರು ಅವರು. ಶಾಲೆಯ ಸಭಾಂಗಣ ಸಿಕ್ಕಿದ್ದು ಎರಡೇ ಎರಡು ಭಾನುವಾರಕ್ಕೆ. “ಜನ ಬಾರದಿದ್ರೆ ಇವರು ಯಾರೂ ಇನ್ನು ಬಣ್ಣ ಹಚ್ಲಿಕ್ಕಿಲ್ಲ ಜಯಪಾಲಣ್ಣ. ಮನೆಯಲ್ಲಿ ಗಂಡಂದಿರು ಈಗಲೇ ನಗ್ತಾ ಇದ್ದಾರೆ. ನಿಮ್ಮ ಸ್ವರ ಒಂದು ಉಂಟಲ್ಲ, ಅದೇ ಧೈರ್ಯ” ಎಂದರು. ಆ ಧೈರ್ಯವನ್ನು ಹೊತ್ತುಕೊಂಡೇ ನಾನು ತಮ್ಮನ್ನು ವರಿಸಲು ಹೊರಟದ್ದು.

ಹಂಪನಕಟ್ಟೆಯ ಅಂಗಡಿಯಲ್ಲಿ ಕ್ಯಾಲ್ವಿನ್ ಎಂಬ ಸಜ್ಜನರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಸರ್, ರೆಕಾರ್ಡ್ ಮಾಡಿದ್ದು ಕೊನೆಗೆ ಎಂತದರಲ್ಲಿ ಪ್ಲೇ ಆಗುದು?” ರಿಕ್ಷಾದಲ್ಲಿ ಎಂದರೆ ಮರ್ಯಾದೆ ಹೋದೀತೆಂದು, “ಎಲ್ಲದರಲ್ಲೂ” ಎಂದೆ. ಒಬ್ಬರೇ ಮಾತಾಡುವುದಾದರೆ ಎರಡು ಮೈಕ್ ಸಿಕ್ಕಿಸುವ ಇಂಟರ್ಫೇಸೇ ಹೆಚ್ಚು ಎಂದರು. ಒಂದೇ ಬಾಯಿಯವನು ನಾಲ್ಕರದ್ದನ್ನು ಆರಿಸಿದೆ. ನಿಮ್ಮ ಕೋಣೆಗೆ ಐದಿಂಚಿನ ಮಾನಿಟರ್ ಸ್ಪೀಕರ್ ಸಾಕು ಎಂದರು. ಎಂಟಿಂಚಿನ ತಮ್ಮ ಎದೆಯಗಲಕ್ಕೆ ಮರುಳಾದೆ. ಕಡೆಗೆ ಅವರು, “ಇದು ಮನೆಯ ಸ್ಪೀಕರಿನ ಹಾಗೆ ಅಲ್ಲ ಸರ್, ಚಂದ ಮಾಡಿ ಕೇಳಿಸುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ತದೆ” ಎಂದು ಎಚ್ಚರಿಸಿದರು. ನಾನು ಅದನ್ನು ಹೊಗಳಿಕೆಯೆಂದು ತಿಳಿದೆ.

ತಮ್ಮ ಜೊತೆ ಬಂದ ಕೈಪಿಡಿಯ ಆಜ್ಞೆಯಂತೆ ತಾವಿಬ್ಬರೂ ನನ್ನ ತಲೆಯೂ ಸೇರಿ ಸಮಭುಜ ತ್ರಿಕೋನವಾಗಬೇಕಿತ್ತು. ಆ ತ್ರಿಕೋನದ ನಟ್ಟನಡುವೆ ನನ್ನ ಹೆಂಡತಿ ಸ್ವರ್ಣಲತಾಳ ಹೊಲಿಗೆ ಮೆಷಿನ್ ಇದ್ದುದರಿಂದ ಅದು ಅಡುಗೆಮನೆಗೆ ವರ್ಗವಾಯಿತು. “ಆ ಪೆಟ್ಟಿಗೆಗಳಿಗೆ ಕಿವಿಯ ಮಟ್ಟವೇ ಬೇಕಂತೆ, ನನ್ನ ಮೆಷಿನಿಗೆ ಗ್ಯಾಸಿನ ಪಕ್ಕ ಸಾಕಂತೆ” ಎಂದು ಅವಳು ಗೋಡೆಗೆ ಹೇಳಿದಳು. ಗೋಡೆಗೆ ಕೇಳಿಸಲಿಲ್ಲ, ಅಷ್ಟರಲ್ಲಿ ಸದ್ದು ಹೀರಲೆಂದು ಅದಕ್ಕೆ ಹಾಸಿಗೆ ಹೊದಿಸಿಯಾಗಿತ್ತು. ಫ್ಯಾನಿನ ಸದ್ದು ಮೈಕಿಗೆ ಆಗಿಬರುವುದಿಲ್ಲವೆಂದು ಅದನ್ನೂ ಆರಿಸಿ, ಮಂಗಳೂರಿನ ಸೆಕೆಯಲ್ಲಿ ಬನಿಯನ್ ಹಿಂಡುತ್ತ, ಪ್ರಾಣದಂತೆ ಹೊಸೆದ ಈ ಸಾಲುಗಳನ್ನು ನುಡಿದೆ:

ಭಾನುವಾರ ಸಂಜೆ ನಾಲ್ಕು,
ನಗದೆ ಕುಳಿತ ದಿನಗಳು ಸಾಕು!
ಮೀನು ಮಾರುವ ಕೈಗಳ ಆಟ,
ಮಾಮಿಗೆ ಸೊಸೆಯ ಮೊಬೈಲ್ ಪಾಠ!

ಆಗ ತಾವು ಬಾಯಿ ತೆರೆದಿರಿ. ಮೂಗಿನಿಂದ ಹೊರಟು, ತಗಡಿಗೆ ಬಡಿದು, ನಿಂಬೆಹುಳಿ ಹಿಂಡಿಕೊಂಡು ಬಂದಂಥ ತೆಳ್ಳನೆಯ ಸ್ವರವೊಂದು ಕೋಣೆಯಲ್ಲಿ ನಿಂತಿತು. ಯಾರಪ್ಪ ಇವನು ಎಂದು ನಾನು ಹಿಂದೆ ತಿರುಗಿ ನೋಡಿದೆ. ಊರಿನವರು ಹದಿನಾರು ವರ್ಷ ಹೇಳದಿದ್ದುದನ್ನು, ಹೆಂಡತಿ ಮದುವೆಯಾದಂದಿನಿಂದ ನುಂಗಿಕೊಂಡಿದ್ದುದನ್ನು ಎರಡೇ ಸೆಕೆಂಡಿನಲ್ಲಿ ಕಾರಿಬಿಟ್ಟ ತಮ್ಮ ಸತ್ಯನಿಷ್ಠೆಗೆ ಯಾವ ಸನ್ಮಾನ, ಎಷ್ಟು ಗಂಧದ ಹಾರ ಸಾಕಾದೀತು?

ಆದರೆ ಮಾನ್ಯರೇ, ನನ್ನ ಮುಖ್ಯ ಆಕ್ಷೇಪಣೆ ತಾವು ಆಡಿದ ಸತ್ಯದ ಬಗ್ಗೆ ಅಲ್ಲ, ಅನಂತರದ ತಮ್ಮ ಸೌಜನ್ಯದ ಬಗ್ಗೆ. ಮನನೊಂದ ನಾನು ಎಂಟು ದಿನ ಕಂಪ್ಯೂಟರಿನಲ್ಲಿ ಆ ಸ್ವರದ ಚೂಪನ್ನೆಲ್ಲ ಕೆತ್ತಿ ಒಗೆದು, ಅಡಿಯಲ್ಲಿ ಗುಡುಗಿನಂಥ ದಪ್ಪ ತುಂಬಿ, ಗುಹೆಯೊಳಗಿನ ಚಕ್ರವರ್ತಿಯ ಗಾಂಭೀರ್ಯ ಹಚ್ಚಿದಾಗ, ತಾವಿಬ್ಬರೂ ಎದೆಯುಬ್ಬಿಸಿ ಅದನ್ನೇ ಮೊಳಗಿಸಿ, ನಾನು ಕನ್ನಡಿಯ ಮುಂದೆ ನಿಂತು ಮೀಸೆ ತಿರುವುವಂತೆ ಮಾಡಿದಿರಲ್ಲ, ಆಗ ಎಲ್ಲಿ ಹೋಗಿತ್ತು ತಮ್ಮ ಹರಿಶ್ಚಂದ್ರತನ?

ಆ ಚಕ್ರವರ್ತಿಯನ್ನು ರಿಕ್ಷಾದ ಹಾರ್ನ್ ಸ್ಪೀಕರಿಗೆ ಏರಿಸಿದೆವು. ಹಾರ್ನ್ ಎಂದರೆ ಮೊರದಷ್ಟು ಬಾಯಿ, ಮುಷ್ಟಿಯಷ್ಟು ಗಂಟಲು. ದಪ್ಪ ಸ್ವರ ಅದರಲ್ಲಿ ತೂರುವುದೇ ಇಲ್ಲ. ನಾನು ತುಂಬಿದ್ದೆಲ್ಲ ಒಳಗೇ ಉಳಿಯಿತು. ಕೆತ್ತಿ ಒಗೆದದ್ದು ಹೇಗೂ ಇರಲಿಲ್ಲ. “ಜಯಪಾಲಣ್ಣ, ಇದು ಅನೌನ್ಸ್‌ಮೆಂಟಾ, ಕಂಬಳಿ ಹೊದ್ದು ಮಾತಾಡಿದ್ದಾ?” ಎಂದು ಹಾಶಿಂ ಮೊದಲ ದಿನವೇ ಕೇಳಿದರು. ತಮ್ಮ ಬಲದಿಂದ ಕೊಬ್ಬಿದ್ದ ನಾನು, ಸ್ಟುಡಿಯೋದ ಕೆಲಸ ತಿಳಿಯಲು ಕಿವಿಗೂ ಸಂಸ್ಕಾರ ಬೇಕು ಎಂದುಬಿಟ್ಟೆ. ಆದರೂ ಅವರು ಮೂರು ದಿನ ಅಶೋಕನಗರ, ಚಿಲಿಂಬಿ, ಲೇಡಿಹಿಲ್ ಎಲ್ಲ ಸುತ್ತಿದರು. ಓಣಿ ಓಣಿಗೂ ಬುಸುಗುಟ್ಟುತ್ತ ಹೋದ ಆ ರಿಕ್ಷಾವನ್ನು ಜನ ಸೊಳ್ಳೆಗೆ ಹೊಗೆ ಬಿಡುವ ಗಾಡಿಯೆಂದು ತಿಳಿದು ಕಿಟಕಿ ಮುಚ್ಚಿಕೊಂಡರಂತೆ.

ಭಾನುವಾರ ಇನ್ನೂರು ಕುರ್ಚಿಗಳ ಮುಂದೆ ಪರದೆ ಎದ್ದಿತು. ಕುಳಿತಿದ್ದವರು ಹತ್ತೊಂಬತ್ತು ಮಂದಿ. ಅದರಲ್ಲಿ ಏಳು ಜನ, ನಗಬೇಕೆಂದೇ ಬಂದಿದ್ದ ಆ ಗಂಡಂದಿರು. ಅವರು ನಾಟಕಕ್ಕೆ ನಗಲಿಲ್ಲ, ಕುರ್ಚಿಗಳನ್ನು ನೋಡಿ ನಕ್ಕರು. ಮಾಮಿಯ ವೇಷದಲ್ಲೇ ಹೊರಗೆ ಬಂದ ಹೇಮಾಕ್ಷಿಯಕ್ಕ ಬೈಯಲೂ ಇಲ್ಲ. “ರಿಕ್ಷಾ ಹೋದದ್ದು ಕಂಡಿತು ಮಾರಾಯ್ರೆ, ಕೇಳ್ಳಿಲ್ಲ. ಇನ್ನೊಂದೇ ಆದಿತ್ಯವಾರ ಉಂಟು. ಬೇಡ, ಮೊಬೈಲಿನಲ್ಲಿ ಕಂಪ್ಯೂಟರ್ ಮಾತಾಡ್ತದಲ್ಲ, ಅದನ್ನೇ ಹಾಕುವ” ಎಂದಷ್ಟೇ ಹೇಳಿ, ಮುಖದ ಬಣ್ಣವನ್ನು ಸೆರಗಿನಲ್ಲಿ ಒರೆಸಿಕೊಂಡರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು: ತಾವಿಬ್ಬರೂ ರಬ್ಬರ್ ಪಾದಗಳಲ್ಲೇ ಮಾರ್ಕೆಟಿಗೆ ನಡೆದು ಹನ್ನೊಂದು ಜನರ ಕ್ಷಮೆ ಕೇಳತಕ್ಕದ್ದು, ಖಾಲಿ ಉಳಿದ ನೂರ ಎಂಬತ್ತೊಂದು ಕುರ್ಚಿಗಳ ಮೇಲೆ ತಲಾ ಎರಡು ಗಂಟೆ ಕುಳಿತು ನಗತಕ್ಕದ್ದು, ಮತ್ತು ಮಧ್ಯಾಹ್ನದ ಬಿಸಿಲಿನಲ್ಲಿ ರಿಕ್ಷಾದ ನೆತ್ತಿಯ ಮೇಲೆ ಕುಳಿತು ಚಿಲಿಂಬಿಯ ಏರನ್ನೊಮ್ಮೆ ಏರಿ, ಅಲ್ಲಿಂದ ಹಾಶಿಂ ಅವರ ಕಿವಿಯ ಸಂಸ್ಕಾರಕ್ಕೆ ಸಾಷ್ಟಾಂಗ ಎರಗತಕ್ಕದ್ದು. ಕೊನೆಯದನ್ನು ನಾನಾಗಲೇ ನನ್ನ ಮಟ್ಟಿಗೆ ಪೂರೈಸಿದ್ದೇನೆ.

ಹೇಗೆಂದರೆ, ಸೋಮವಾರ ತಮ್ಮನ್ನು ಕೋಣೆಯಲ್ಲೇ ಬಿಟ್ಟು, ಇಂಟರ್ಫೇಸ್ ಕಾರ್ಯದರ್ಶಿಗಳನ್ನೂ ಲ್ಯಾಪ್‌ಟಾಪನ್ನೂ ಮಡಿಲಲ್ಲಿಟ್ಟುಕೊಂಡು ಮಾರ್ಕೆಟಿನ ಮುಂದೆ ಹಾಶಿಂ ಅವರ ರಿಕ್ಷಾದಲ್ಲಿ ಕುಳಿತೆ. ಒಮ್ಮೆ ನುಡಿಯುವುದು, ಕೂಡಲೇ ಹಾರ್ನಿನಲ್ಲಿ ಬಿಡುವುದು. ಒಳಗೆ ಮೂರನೆಯ ಸಾಲಿನಲ್ಲಿ ಬಂಗುಡೆ ಕೊಯ್ಯುತ್ತಿದ್ದವರು ತಲೆ ಎತ್ತಿದರೆ ಪಾಸು, ಎತ್ತದಿದ್ದರೆ ಫೇಲು. ದಪ್ಪ ಮಾಡಿ ನುಡಿದೆ, ಯಾರೂ ಎತ್ತಲಿಲ್ಲ. ಗಂಭೀರವಾಗಿ ನುಡಿದೆ, ಒಂದು ಬೆಕ್ಕು ಎತ್ತಿತು. “ನಿಮ್ಮದೇ ಸ್ವರದಲ್ಲಿ ಹೇಳಿ ಅಣ್ಣ, ಎಂತಕ್ಕೆ ನಾಚಿಕೆ?” ಎಂದರು ಹಾಶಿಂ. ಮೂಗಿನಿಂದ, ತಗಡಿನಂತೆ, ನಿಂಬೆಹುಳಿ ಹಿಂಡಿಕೊಂಡು ಹೇಳಿದೆ. ಕತ್ತಿಗಳೆಲ್ಲ ನಿಂತವು. ಎಲ್ಲರಿಗಿಂತ ಹಿಂದೆ ಕುಳಿತಿದ್ದ ಹೇಮಾಕ್ಷಿಯಕ್ಕ ಬಂಗುಡೆ ಹಿಡಿದ ಕೈಯನ್ನೇ ಮೇಲೆತ್ತಿ, “ಅದು! ಅದೇ!” ಎಂದು ಕೂಗಿದ್ದು, ಹಾರ್ನ್ ಇಲ್ಲದೆಯೇ ರಸ್ತೆಗೆ ಕೇಳಿಸಿತು.

ಎರಡನೆಯ ಭಾನುವಾರ ಇನ್ನೂರು ಕುರ್ಚಿ ಸಾಲದೆ, ಆ ಏಳು ಗಂಡಂದಿರು ಎದ್ದು ಜಾಗ ಬಿಟ್ಟುಕೊಟ್ಟು ಗೋಡೆಗೊರಗಿ ನಿಂತರು. ಅವರೂ ನಕ್ಕರು, ಈ ಸಲ ನಗಬೇಕಾದಲ್ಲಿ. ಮನೆಗೆ ಬಂದು ಅದೇ ಸಾಲುಗಳನ್ನು ತಮ್ಮಲ್ಲಿ ಹಾಕಿ ಕೇಳಿದೆ, ಭಯಂಕರವಾಗಿತ್ತು. ಈ ಸಲ ನಾನು ಹಿಂದೆ ತಿರುಗಿ ನೋಡಲಿಲ್ಲ.

ತಮ್ಮ ಕೃಪೆಯಿಂದ ಎಂಟು ದಿನ ಚಕ್ರವರ್ತಿಯಾಗಿದ್ದು, ಈಗ ಮರಳಿ ರಿಕ್ಷಾ ಏರಿರುವ ವಿಶ್ವಾಸಿ,
ಜಯಪಾಲ, ಉರ್ವ

ಮರೆತ ಮಾತು: ಹೊಲಿಗೆ ಮೆಷಿನ್ ತನ್ನ ಸ್ಥಾನಕ್ಕೆ ಮರಳಿದೆ. ತಮಗೂ ಅನ್ಯಾಯವಾಗಿಲ್ಲ, ಹೇಮಾಕ್ಷಿಯಕ್ಕನ ಮುಂದಿನ ನಾಟಕದಲ್ಲಿ ಶ್ರೀಮಂತರ ಮನೆಯ ದೃಶ್ಯಕ್ಕೆ ತಮ್ಮಿಬ್ಬರನ್ನೂ ಆರಿಸಿದ್ದಾರೆ. ಎಡಬಲ ಸುಮ್ಮನೆ ನಿಲ್ಲುವ ಪಾತ್ರ, ಮಾತಿಲ್ಲ. ತಾಲೀಮಿಗೆ ಬರಬೇಕಾಗಿಯೂ ಇಲ್ಲವಂತೆ; ಚಕ್ರವರ್ತಿಯ ಆ ಎಂಟು ದಿನ ಸತ್ಯದ ಬಗ್ಗೆ ತುಟಿಪಿಟಕ್ಕೆನ್ನದೆ ತಾವು ಅದನ್ನು ಆಗಲೇ ಚೆನ್ನಾಗಿ ನಿರ್ವಹಿಸಿದ್ದೀರಿ.